ನಮ್ಮ ಸೀಮೆಯ ಹಿರಿಯರು ಯಾರು?

‘ನಿಮ್ಮ ಸೀಮೆಯ ಹೆಸರಾಂತ ವ್ಯಕ್ತಿಗಳನ್ನು ಕುರಿತು ಪ್ರಬಂಧ ಬರೆಯಿರಿ’ ಎಂದರೆ ನಮ್ಮ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಕುವೆಂಪು, ಬೇಂದ್ರೆ, ವಿಶ್ವೇಶ್ವರಯ್ಯನವರ ಹೆಸರುಗಳನ್ನು ಬರೆಯುತ್ತಾರೆ. ಆ ಮಹನೀಯರಲ್ಲಿ ನಮಗೆಲ್ಲರಿಗೂ ಗೌರವವಿದೆ. ಆದರೆ ಅವರು ಕುಪ್ಪಳಿಯವರು, ಧಾರವಾಡದವರು, ಮುದ್ದೇನಹಳ್ಳಿಯವರು. ಬೆಳುಗುಪ್ಪ, ರಾಯದುರ್ಗ, ಮಡಕಶಿರಗಳ ಮಕ್ಕಳಿಗೆ ತಮ್ಮ ನೆಲದ ಒಂದು ಹೆಸರೂ ನೆನಪಿಗೆ ಬಾರದಿರುವುದೇಕೆ?

ಇದರಲ್ಲಿ ಮಕ್ಕಳ ತಪ್ಪಿಲ್ಲ, ತಪ್ಪು ಪಟ್ಟಿ ಮಾಡುವವರದು ಎಂಬುದು ನನ್ನ ಅಭಿಪ್ರಾಯ. ಬೆಂಗಳೂರಿನಲ್ಲಿ ಕುಳಿತು ಬರೆದ ಪಟ್ಟಿ ಬಳ್ಳಾರಿಯವರೆಗೆ ಬಂದು ನಿಂತುಬಿಡುತ್ತದೆ. ತೆಲುಗಿನ ಪಟ್ಟಿಗಳಲ್ಲಿ ನಮ್ಮವರಿಗೆ ಜಾಗವುಂಟು, ಅವರು ಕನ್ನಡಕ್ಕೆ ಮಾಡಿದ ಕೆಲಸಕ್ಕೆ ಜಾಗ ಕಡಿಮೆ. ಅನಂತಪುರ ಜಿಲ್ಲೆಯೇ 1882ರಲ್ಲಿ ಬಳ್ಳಾರಿಯಿಂದ ಬೇರೆಯಾದದ್ದು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿಯನ್ನು ಬಿಟ್ಟು ಆಂಧ್ರಕ್ಕೆ ಸೇರಿದವು. ಈ ಗೆರೆ ಎಳೆಯುವುದಕ್ಕೆ ಮೊದಲು ಬಾಳಿದವರನ್ನು ಇದೇ ಗೆರೆಯಿಂದ ಅಳೆಯುವುದು ಯಾವ ನ್ಯಾಯ?

ಬಳ್ಳಾರಿ ರಾಘವರನ್ನೇ ನೋಡಿ. ಹೆಸರಿನ ಮುಂದೆ ಬಳ್ಳಾರಿ ಇದೆ. ಹುಟ್ಟಿದ್ದು ಮಾತ್ರ 1880ರಲ್ಲಿ, ನಮ್ಮ ಜಿಲ್ಲೆಯ ತಾಡಪತ್ರಿಯಲ್ಲಿ. ವೃತ್ತಿಯಿಂದ ವಕೀಲರು, ಪ್ರವೃತ್ತಿಯಿಂದ ನಟರು. ತೆಲುಗು, ಕನ್ನಡ, ಇಂಗ್ಲಿಷ್ ಮೂರರಲ್ಲಿಯೂ ರಂಗವನ್ನಾಳಿದರು. ಸ್ತ್ರೀಪಾತ್ರವನ್ನು ಸ್ತ್ರೀಯರೇ ಮಾಡಬೇಕೆಂದು, ಸಮಾಜ ಮೂಗು ಮುರಿಯುತ್ತಿದ್ದ ಕಾಲದಲ್ಲಿ ಹಟ ಹಿಡಿದರು. ಅವರ ಸೋದರಮಾವ, ‘ಆಂಧ್ರ ನಾಟಕ ಪಿತಾಮಹ’ರೆನಿಸಿದ ಧರ್ಮವರಂ ರಾಮಕೃಷ್ಣಮಾಚಾರ್ಯರೂ ಬಳ್ಳಾರಿಯಲ್ಲಿಯೇ ನಾಟಕ ಕಟ್ಟಿದವರು. ರಾಘವರು 1946ರಲ್ಲಿ ತೀರಿಕೊಂಡರು. ಇಂದಿನ ಗಡಿಯನ್ನು ಅವರು ಕಾಣಲೇ ಇಲ್ಲ! ಇಂದು ಬಳ್ಳಾರಿಯಲ್ಲಿ ಅವರ ಹೆಸರಿನ ಕಲಾಮಂದಿರವಿದೆ. ನಮ್ಮಲ್ಲಿ ಎಷ್ಟು ಮಕ್ಕಳು ಆ ಹೆಸರನ್ನು ಕೇಳಿದ್ದಾರೆ?

ಇನ್ನೂ ಹತ್ತಿರದವರು ರಾಳ್ಳಪಲ್ಲಿ ಅನಂತಕೃಷ್ಣ ಶರ್ಮರು. ಕಲ್ಯಾಣದುರ್ಗದ ಆಚೆ, ಕಂಬದೂರಿನ ಕಡೆಯ ರಾಳ್ಳಪಲ್ಲಿ ಎಂಬ ಹಳ್ಳಿಯಲ್ಲಿ 1893ರಲ್ಲಿ ಜನಿಸಿದ ಈ ಹುಡುಗ ವಿದ್ಯೆಯನ್ನರಸಿ ಮೈಸೂರಿಗೆ ಹೋದ. ಅದು ಬೇರೆ ಸಂಸ್ಥಾನ, ಅಲ್ಲಿಯೂ ಗಡಿ ಇತ್ತು. ಮುಂದೆ ಮಹಾರಾಜ ಕಾಲೇಜಿನಲ್ಲಿ ಮೂರು ದಶಕಗಳಿಗೂ ಮೀರಿ ತೆಲುಗು ಕಲಿಸಿದರು. ವೇಮನನನ್ನು ಕುರಿತ ಅವರ ತೆಲುಗು ಉಪನ್ಯಾಸಗಳನ್ನು ವಿದ್ವಾಂಸರು ಇಂದಿಗೂ ಓದುತ್ತಾರೆ. ತಿರುಪತಿಯ ತಾಮ್ರಪಟಗಳಲ್ಲಿ ಅನ್ನಮಾಚಾರ್ಯರ ಕೀರ್ತನೆಗಳ ಸಾಹಿತ್ಯವಿತ್ತು, ರಾಗದ ಹೆಸರಿತ್ತು, ಹಾಡುವ ಕ್ರಮ ತಿಳಿದಿರಲಿಲ್ಲ. ಅವುಗಳಲ್ಲಿ ಹಲವಕ್ಕೆ ಸ್ವರ ಹಾಕಿ ಜನರ ಬಾಯಿಗೆ ತಂದವರು ಶರ್ಮರು. ಮದರಾಸಿನ ಸಂಗೀತ ಅಕಾಡೆಮಿ 1974ರಲ್ಲಿ ಅವರಿಗೆ ‘ಸಂಗೀತ ಕಲಾನಿಧಿ’ ಬಿರುದನ್ನಿತ್ತಿತು. 1979ರಲ್ಲಿ ಅವರು ಕಾಲವಾದರು.

‘ತೆಲುಗು ಪಂಡಿತರು ಕನ್ನಡ ಶಾಲೆಯ ಪತ್ರಿಕೆಗೇಕೆ?’ ಎಂದು ಯಾರಾದರೂ ಕೇಳಬಹುದು. ಅವರ ‘ಗಾನಕಲೆ’ ಕನ್ನಡ ಪುಸ್ತಕ. ‘ಸಾಹಿತ್ಯ ಮತ್ತು ಜೀವನಕಲೆ’ಯೂ ಕನ್ನಡವೇ. ಮನೆಯಲ್ಲೊಂದು, ಸಂತೆಯಲ್ಲೊಂದು ಮಾತನಾಡುವ ನಮಗೆ ಎರಡು ಭಾಷೆ ಒಂದು ಕೊರತೆಯೆಂಬಂತೆ ಕೆಲವರು ಮರುಕ ತೋರಿಸುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿ ಆಂಧ್ರದಲ್ಲಿ ಏನು ಮಾಡುತ್ತೀರಿ ಎಂದು ತಂದೆತಾಯಿಗಳನ್ನು ಹೆದರಿಸುವವರೂ ಇದ್ದಾರೆ. ಅವರಿಗೆ ಕೊಡಲು ನನ್ನ ಬಳಿ ಅಂಕಿಸಂಖ್ಯೆಗಳಿಲ್ಲ. ಶರ್ಮರ ಮತ್ತು ರಾಘವರ ಹೆಸರುಗಳಿವೆ. ಎರಡು ಭಾಷೆ ಇದ್ದುದರಿಂದಲೇ ಅವರು ಅಷ್ಟೆತ್ತರ ಬೆಳೆದರು.

ಇಲ್ಲೂರಿನ ನೀಲಂ ಸಂಜೀವರೆಡ್ಡಿಯವರು 1977ರಿಂದ 1982ರವರೆಗೆ ರಾಷ್ಟ್ರಪತಿಗಳಾಗಿದ್ದುದು ಎಲ್ಲರಿಗೂ ತಿಳಿದದ್ದೇ, ವಿಸ್ತರಿಸಬೇಕಾಗಿಲ್ಲ. ಆದರೆ ಪಟ್ಟಿಯೆಂದರೆ ಇಲ್ಲಿ ಹುಟ್ಟಿ ಹೊರಗೆ ಹೆಸರಾದವರದು ಮಾತ್ರವೇ? ಸ್ಪೇನ್ ದೇಶದಲ್ಲಿ ಹುಟ್ಟಿದ ವಿನ್ಸೆಂಟ್ ಫೆರರ್ 1969ರಲ್ಲಿ ಅನಂತಪುರಕ್ಕೆ ಬಂದರು. ಮಳೆಯಿಲ್ಲದ ಈ ಜಿಲ್ಲೆಯಲ್ಲಿ, ಎಲ್ಲರೂ ಗುಳೆ ಹೋಗುವ ನೆಲದಲ್ಲಿ, 2009ರಲ್ಲಿ ಸಾಯುವವರೆಗೂ ನೆಲೆ ನಿಂತು ಬಡವರಿಗಾಗಿ ದುಡಿದರು. ಹುಟ್ಟಿದವರಿಗಿಂತ ಉಳಿದವರೇ ಹೆಚ್ಚು ನಮ್ಮವರು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಹೆಸರೇ ಉಳಿಯದವರೂ ಇದ್ದಾರಲ್ಲ! ಮಡಕಶಿರದ ಕಡೆಯ ಹೇಮಾವತಿ, ಹಿಂದಿನ ಹೆಂಜೇರು, ನೊಳಂಬರ ರಾಜಧಾನಿ. ಅಲ್ಲಿಯ ಕರಿಕಲ್ಲಿನ ಕಂಬಗಳನ್ನು ಕಡೆದ ಶಿಲ್ಪಿಗಳ ಕೆಲಸವನ್ನು ನೋಡಲು ಜನ ಚೆನ್ನೈನ ವಸ್ತುಸಂಗ್ರಹಾಲಯಕ್ಕೆ ಹೋಗುತ್ತಾರೆ. ಆ ಭಾಗ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ, ಮತ್ತೊಂದು ಗೆರೆ.

ವಿದ್ಯಾರ್ಥಿ ಮಿತ್ರರೇ, ಮುಂದಿನ ವರ್ಷದ ಸಂಚಿಕೆಗೆ ಕುಪ್ಪಳಿಯ ಬಗ್ಗೆ ಬರೆಯುವ ಮೊದಲು ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿರಿ. ಊರಿನಲ್ಲಿ ಬಯಲಾಟ ಕಲಿಸಿದವರು ಯಾರು, ಮೊದಲ ಶಾಲೆಗೆ ಜಾಗ ಬಿಟ್ಟುಕೊಟ್ಟವರು ಯಾರು, ಬರಗಾಲದಲ್ಲಿ ಗಂಜಿ ಹಾಕಿಸಿದವರು ಯಾರು? ತೆಲುಗಿನಲ್ಲಿ ಹೇಳಿದರೆ ಕನ್ನಡದಲ್ಲಿ ಬರೆದುಕೊಳ್ಳಿ. ಎರಡು ಪುಟ ಸಾಕು.