ತೆರಿಗೆಗೆ ಬೇಕು, ಮತಕ್ಕೆ ಬೇಡ

1998ರ ನವೆಂಬರ್‌ನಲ್ಲಿ ಅಮೆರಿಕದ ರಾಜಧಾನಿ ವಾಷಿಂಗ್ಟನ್ ಡಿ.ಸಿ.ಯ ಜನ ಒಂದು ಪ್ರಶ್ನೆಗೆ ಮತ ಹಾಕಿದರು: ವೈದ್ಯರು ಹೇಳಿದರೆ ರೋಗಿಗಳು ಗಾಂಜಾ ಬಳಸಬಹುದೇ? ಮತದಾನ ಮುಗಿಯಿತು, ಫಲಿತಾಂಶ ಮಾತ್ರ ಹೊರಬರಲಿಲ್ಲ. ಜಾರ್ಜಿಯಾದ ಸಂಸದ ಬಾಬ್ ಬಾರ್, ಈ ಮತದಾನಕ್ಕೆ ನಗರ ಹಣ ಖರ್ಚು ಮಾಡಕೂಡದೆಂಬ ಷರತ್ತನ್ನು ಬಜೆಟ್ ಮಸೂದೆಯಲ್ಲಿ ಸೇರಿಸಿಬಿಟ್ಟಿದ್ದರು. ಎಣಿಕೆಗೆ ತಗಲುತ್ತಿದ್ದುದು ಎರಡು ಡಾಲರ್‌ಗಿಂತಲೂ ಕಡಿಮೆ. ಕೋರ್ಟು ಆದೇಶ ಕೊಟ್ಟ ಮೇಲೆ, 1999ರ ಸೆಪ್ಟೆಂಬರ್‌ನಲ್ಲಿ, ಶೇ 69ರಷ್ಟು ಮಂದಿ ಹೌದು ಎಂದಿದ್ದರೆಂದು ಗೊತ್ತಾಯಿತು. ಆಮೇಲೂ ಅಲ್ಲಿನ ಸಂಸತ್ತು, ಅಂದರೆ ಕಾಂಗ್ರೆಸ್, ಹತ್ತು ವರ್ಷ ಅದನ್ನು ಜಾರಿಗೆ ಬಿಡಲಿಲ್ಲ. ಗಾಂಜಾ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಬಾರ್ ಅವರಿಗೆ ಆ ನಗರದ ಒಂದೇ ಒಂದು ಮತದ ಹಂಗೂ ಇರಲಿಲ್ಲ. ನನ್ನ ತಕರಾರು ಇರುವುದು ಅಲ್ಲಿ.

2020ರ ಜನಗಣತಿಯಂತೆ ಡಿ.ಸಿ.ಯಲ್ಲಿ 6.89 ಲಕ್ಷ ಜನರಿದ್ದಾರೆ. 5.77 ಲಕ್ಷ ಜನರ ವಯೋಮಿಂಗ್ ರಾಜ್ಯಕ್ಕೆ ಮೇಲ್ಮನೆಯಾದ ಸೆನೆಟ್‌ನಲ್ಲಿ ಇಬ್ಬರು ಸೆನೆಟರ್‌ಗಳು, ಡಿ.ಸಿ.ಗೆ ಒಬ್ಬರೂ ಇಲ್ಲ. ಕೆಳಮನೆಗೆ ಅದು ಕಳಿಸುವ ಪ್ರತಿನಿಧಿ ಭಾಷಣ ಮಾಡಬಹುದು, ಸಮಿತಿಗಳಲ್ಲಿ ಕೂರಬಹುದು. ಮಸೂದೆ ಅಂಗೀಕಾರದ ಹೊತ್ತಿಗೆ ಕೈಕಟ್ಟಿ ನೋಡಬೇಕು. ತೆರಿಗೆಯಲ್ಲಿ ಮಾತ್ರ ರಿಯಾಯಿತಿ ಇಲ್ಲ, ಎಲ್ಲರಂತೆ ಇವರೂ ಕೇಂದ್ರಕ್ಕೆ ಆದಾಯ ತೆರಿಗೆ ಕಟ್ಟುತ್ತಾರೆ. ಪ್ರಾತಿನಿಧ್ಯವಿಲ್ಲದೆ ತೆರಿಗೆ ಎಂಬ ಸ್ವಾತಂತ್ರ್ಯ ಹೋರಾಟ ಕಾಲದ ಆಕ್ರೋಶವನ್ನು 2000ದಿಂದ ಈಚೆಗೆ ಅವರ ಕಾರುಗಳ ನಂಬರ್ ಪ್ಲೇಟ್‌ಗಳ ಮೇಲೆಯೇ ಓದಬಹುದು. ನಮ್ಮ ರಾಜಧಾನಿ ದೆಹಲಿಯ ಪೊಲೀಸರು ಕೇಂದ್ರದ ಕೈಯಲ್ಲಿದ್ದಾರೆ, ನಿಜ. ಆದರೆ ದೆಹಲಿ ಏಳು ಮಂದಿಯನ್ನು ಲೋಕಸಭೆಗೆ ಕಳಿಸುತ್ತದೆ.

ಈ ಅನ್ಯಾಯಕ್ಕೆ ಬಣ್ಣವೂ ಇದೆ. ಡಿ.ಸಿ.ಯ ಕಪ್ಪು ಗಂಡಸರಿಗೆ ಮತದ ಹಕ್ಕು ಸಿಕ್ಕಿದ್ದು 1867ರಲ್ಲಿ, ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಅವರ ವೀಟೋ ಮೀರಿ. ಏಳೇ ವರ್ಷಕ್ಕೆ, 1874ರಲ್ಲಿ, ಕಾಂಗ್ರೆಸ್ ನಗರದ ಚುನಾಯಿತ ಆಡಳಿತವನ್ನೇ ಕಿತ್ತುಹಾಕಿ ಆಯುಕ್ತರನ್ನು ಕೂರಿಸಿತು. ಕಪ್ಪು ಜನರ ಜೊತೆ ಬಿಳಿಯರೂ ಮತ ಕಳೆದುಕೊಂಡರು. ಆ ಜನ ತಮ್ಮ ಮೇಯರ್‌ನನ್ನು ತಾವೇ ಆರಿಸಲು ಮತ್ತೆ ಪೂರ್ತಿ ನೂರು ವರ್ಷ, 1974ರ ತನಕ, ಕಾಯಬೇಕಾಯಿತು.

ಇದಕ್ಕೆ ಪರಿಹಾರವಾಗಿ ಡಿ.ಸಿ.ಗೆ ರಾಜ್ಯದ ಸ್ಥಾನ ಕೊಡಲು ಸಂವಿಧಾನ ಅಡ್ಡ ಬರುತ್ತದೆ ಎನ್ನುವವರು ಅದರಲ್ಲಿ ರಾಜಧಾನಿಯ ಬಗ್ಗೆ ಇರುವ ಸಾಲನ್ನು ಸರಿಯಾಗಿ ಓದಲಿ. ರಾಜಧಾನಿ ಪ್ರದೇಶ ಹತ್ತು ಮೈಲಿ ಉದ್ದಗಲವನ್ನು ಮೀರಬಾರದು ಎಂದಷ್ಟೇ ಅಲ್ಲಿದೆ. ಇಷ್ಟಾದರೂ ಇರಲೇಬೇಕೆಂದು ಎಲ್ಲೂ ಇಲ್ಲ. 1846ರಲ್ಲಿ ಅದರ ಒಂದು ಭಾಗವನ್ನು ವರ್ಜೀನಿಯಾಕ್ಕೆ ಮರಳಿಸಿಯೂ ಆಗಿದೆ. ಸಂಸತ್ ಭವನ, ಶ್ವೇತಭವನ, ಸುಪ್ರೀಂ ಕೋರ್ಟ್ ಇರುವ ಚಿಕ್ಕ ಪ್ರದೇಶವನ್ನು ಕೇಂದ್ರ ಇಟ್ಟುಕೊಂಡು, ಜನ ಬದುಕುವ ಬೀದಿಗಳನ್ನು ರಾಜ್ಯ ಮಾಡಬೇಕೆಂಬುದೇ ಈಗಿರುವ ಬೇಡಿಕೆ. ಆಗ ಉಳಿಯುವ ತುಂಡಿಗೆ 23ನೇ ತಿದ್ದುಪಡಿ ಅಧ್ಯಕ್ಷ ಚುನಾವಣೆಯಲ್ಲಿ ಮೂರು ಮತ ಕೊಟ್ಟೇ ಇರುತ್ತದೆ ಎಂಬ ತೊಡಕು ನಿಜವಾದದ್ದು, ಆ ತಿದ್ದುಪಡಿಯನ್ನು ರದ್ದು ಮಾಡಲೇಬೇಕು. ಆದರೆ ಆ ತೊಡಕನ್ನು ಮುಂದಿಟ್ಟು ಸುಮಾರು ಏಳು ಲಕ್ಷ ಜನರನ್ನು ಹೊರಗಿಡುವುದು ಒಪ್ಪುವ ಮಾತಲ್ಲ.

ಅಸಲಿ ಕಾರಣ ಪಕ್ಷದ ಲೆಕ್ಕಾಚಾರ. 2020ರ ಅಧ್ಯಕ್ಷ ಚುನಾವಣೆಯಲ್ಲಿ ಡಿ.ಸಿ.ಯ ಶೇ 92ರಷ್ಟು ಮತ ಡೆಮಾಕ್ರಟಿಕ್ ಪಕ್ಷದ ಬೈಡನ್‌ಗೆ ಬಿತ್ತು. ಈ ನಗರ ರಾಜ್ಯವಾದರೆ ಆ ಪಕ್ಷಕ್ಕೆ ಇಬ್ಬರು ಸೆನೆಟರ್‌ಗಳು ಸಿಗುತ್ತಾರೆಂದು ರಿಪಬ್ಲಿಕನ್ನರಿಗೆ ಭಯ. ಕೆಳಮನೆ 2020ರಲ್ಲೂ 2021ರಲ್ಲೂ ರಾಜ್ಯದ ಸ್ಥಾನ ಕೊಡುವ ಮಸೂದೆ ಅಂಗೀಕರಿಸಿತು, ಸೆನೆಟ್ ಅದನ್ನು ಮತಕ್ಕೇ ಹಾಕಲಿಲ್ಲ. ಇಂಥವರಿಗೇ ಮತ ಹಾಕುತ್ತಾರೆಂದು ಜನರ ಹಕ್ಕನ್ನು ತಡೆಹಿಡಿಯುವವರು ಚುನಾವಣೆಯನ್ನೇ ನಂಬುವುದಿಲ್ಲ. ಇದೇ ರಿಪಬ್ಲಿಕನ್ ಪಕ್ಷ 1889ರಲ್ಲಿ ಡಕೋಟಾ ಪ್ರಾಂತ್ಯವನ್ನು ಎರಡು ರಾಜ್ಯ ಮಾಡಲು ಮುಂದಾಗಿತ್ತು. ಮರುವರ್ಷ ಸುಮಾರು 62 ಸಾವಿರ ಜನರಿದ್ದ ವಯೋಮಿಂಗ್‌ಗೂ ರಾಜ್ಯದ ಸ್ಥಾನ ಕೊಟ್ಟಿತು.

ಡಿ.ಸಿ.ಯನ್ನು ಸುಮ್ಮನೆ ಪಕ್ಕದ ಮೇರಿಲ್ಯಾಂಡ್ ರಾಜ್ಯಕ್ಕೆ ಸೇರಿಸಿಬಿಡಿ ಎಂಬ ಸಲಹೆಯೂ ಇದೆ. ಸೇರಬೇಕಾದವರನ್ನು ಕೇಳಬೇಡವೇ? 2016ರ ಜನಮತದಲ್ಲಿ ಡಿ.ಸಿ.ಯ ಶೇ 86ರಷ್ಟು ಮಂದಿ ತಮ್ಮದೇ ರಾಜ್ಯ ಬೇಕೆಂದರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು, ಕೊನೆಗೆ ಅದೇ ನಗರದಲ್ಲಿ ನೆಲೆಸಿದ ಫ್ರೆಡ್ರಿಕ್ ಡಗ್ಲಾಸ್ ಅವರ ಹೆಸರನ್ನು ಆ ರಾಜ್ಯಕ್ಕೆ ಆರಿಸಿಯೂ ಇಟ್ಟಿದ್ದಾರೆ. ಸೆನೆಟ್ ರಾಜ್ಯದ ಸ್ಥಾನದ ಮಸೂದೆಯನ್ನು ಮತಕ್ಕೆ ಹಾಕಲಿ. ಯಾರು ಬೇಡ ಅನ್ನುತ್ತಾರೋ ಅವರ ಹೆಸರು ದಾಖಲಾಗಲಿ.