ಆ ಚೌಕಗಳು ಅಲ್ಲಿ ಇರಲೇ ಇಲ್ಲ

ಹಳೇ ವಿಡಿಯೋ ಗೇಮ್ ಅಂದ ಕೂಡಲೇ ಎಲ್ಲರೂ ಚೌಕ ಚೌಕ ಬಿಡಿಸ್ತಾರೆ. ಟೀ ಶರ್ಟ್ ಮೇಲೆ, ಕಾಫಿ ಮಗ್ ಮೇಲೆ, ಸ್ಟಾರ್ಟಪ್ ಆಫೀಸಿನ ಗೋಡೆ ಮೇಲೆ ಅದೇ ಚೂಪು ಮೂಲೆಗಳ ಪ್ಯಾಕ್‌ಮ್ಯಾನ್, ಇಟ್ಟಿಗೆ ಜೋಡಿಸಿದ ಹಾಗೆ. ಅದಕ್ಕೆ ‘ರೆಟ್ರೋ’ ಅಂತ ಹೆಸರು ಬೇರೆ. ನನ್ನ ತಕರಾರು ಇಷ್ಟೇ: 1980ರಲ್ಲಿ ಜಪಾನಿನಲ್ಲೋ ಅಮೆರಿಕದಲ್ಲೋ ಆರ್ಕೇಡಿಗೆ ಹೋಗಿ, ನಾಣ್ಯ ಹಾಕಿ ಪ್ಯಾಕ್‌ಮ್ಯಾನ್ ಆಡಿದ ಯಾರೂ ಈ ಚಿತ್ರ ನೋಡಿಲ್ಲ. ಇದು ನಮ್ಮ ಚಪ್ಪಟೆ ಪರದೆಗಳು ಆಮೇಲೆ ಹುಟ್ಟಿಸಿದ ಸುಳ್ಳು. ಈಗ ಅದೇ ಇತಿಹಾಸ ಆಗಿ ಕೂತಿದೆ.

ಮನೆಯಲ್ಲಿದ್ದ ಡಬ್ಬಾ ಟಿವಿ ನೆನಪಿದ್ಯಾ? ಹಿಂದೆ ಹೊಟ್ಟೆ ಬಂದಿರೋ ಗಾಜಿನ ಕೊಳವೆ. ಆರ್ಕೇಡ್ ಮಾನಿಟರ್ ಕೂಡ ಅದೇ ಜಾತಿ. ಎಲೆಕ್ಟ್ರಾನ್ ಕಿರಣ ಒಂದೊಂದೇ ಗೆರೆ ಎಳೀತಾ ಸೆಕೆಂಡಿಗೆ ಸುಮಾರು 60 ಸಲ ಇಡೀ ಚಿತ್ರ ಬರೀತಿತ್ತು. ಕಿರಣ ತಾಗಿದ ಕಡೆ ಫಾಸ್ಫರ್ ಬೆಳಗುತ್ತೆ. ಆ ಬೆಳಕಿನ ಚುಕ್ಕೆಗೆ ಮೂಲೆ ಅನ್ನೋದೇ ಇಲ್ಲ. ನಡುವೆ ಪ್ರಖರ, ಅಂಚಿಗೆ ಹೋದಂತೆ ಮಂದ. ಗೆರೆಗೂ ಗೆರೆಗೂ ಮಧ್ಯೆ ಒಂದು ಎಳೆ ಕತ್ತಲು. ಬಿಳಿ ಬಂದಾಗ ಗೆರೆ ಉಬ್ಬಿ ಪಕ್ಕದ ಕತ್ತಲನ್ನ ನುಂಗ್ತಿತ್ತು, ಕಡು ನೀಲಿಯಲ್ಲಿ ಸಣ್ಣಗಾಗ್ತಿತ್ತು. ಚಿತ್ರ ಬಿಡಿಸಿದವರ ಕಣ್ಣ ಮುಂದೆ ಇದ್ದದ್ದೂ ಇಂಥ ಕೊಳವೆಯೇ. ಮೂರೇ ಚುಕ್ಕೆಯಲ್ಲಿ ಒಂದು ಕಣ್ಣು, ಎರಡು ಚುಕ್ಕೆಯಲ್ಲಿ ಕೆನ್ನೆಯ ನೆರಳು. ಉಳಿದದ್ದನ್ನ ಗಾಜು ನೋಡಿಕೊಳ್ತಿತ್ತು.

ಹಾಗಾಗಿ “ಏನೂ ಸೇರಿಸಬೇಡಿ, ಇದ್ದ ಪಿಕ್ಸೆಲ್ ಇದ್ದ ಹಾಗೆ ತೋರಿಸಿ, ಅದೇ ಅಸಲಿ” ಅನ್ನೋ ಪಂಗಡದವರನ್ನ ಕಂಡ್ರೆ ನಂಗೆ ತಾಳ್ಮೆ ಇಲ್ಲ. 1991ರ ಸ್ಟ್ರೀಟ್ ಫೈಟರ್ 2 ತಗೊಳ್ಳಿ. ಅದರ ಚಿತ್ರ 384 ಚುಕ್ಕೆ ಅಗಲ, 224 ಗೆರೆ ಎತ್ತರ. ಆದ್ರೆ ಅದು ಹೋಗಿ ಬೀಳ್ತಿದ್ದದ್ದು 4:3 ಪರದೆ ಮೇಲೆ. ಅಂದ್ರೆ ಒಂದೊಂದು ಚುಕ್ಕೆಯೂ ಅಗಲ ಕಮ್ಮಿ, ಎತ್ತರ ಜಾಸ್ತಿ. ಪ್ರತಿ ಪಿಕ್ಸೆಲ್ಲನ್ನೂ ಚೌಕ ಮಾಡಿ ‘ಅಸಲಿ’ ಅಂತ ತೋರಿಸಿದ್ರೆ ಚುನ್ ಲಿ ಕಾಲು ಭಾಗಕ್ಕೂ ಹೆಚ್ಚು ಅಗಲ ಆಗ್ತಾಳೆ. ಇದು ಯಾವ ಸೀಮೆ ಪ್ರಾಮಾಣಿಕತೆ?

ಇನ್ನೊಂದು ಪಂಗಡ ಇನ್ನೂ ಕೆಟ್ಟದ್ದು. ಹಳೇ ಗೇಮುಗಳನ್ನ ಕಟ್ಟು ಕಟ್ಟಿ ಮತ್ತೆ ಮಾರೋ ಕಂಪನಿಗಳು. ಸೆಟ್ಟಿಂಗ್ಸ್‌ನಲ್ಲಿ ಒಂದು ಗುಂಡಿ ಇಟ್ಟಿರ್ತಾರೆ: ‘ಸ್ಕ್ಯಾನ್‌ಲೈನ್ ಆನ್’. ಒತ್ತಿದ್ರೆ ಪರದೆ ಉದ್ದಕ್ಕೂ ಒಂದೇ ದಪ್ಪದ ಕಪ್ಪು ಗೆರೆಗಳು, ಕಿಟಕಿಗೆ ಬ್ಲೈಂಡ್ಸ್ ಇಳಿಬಿಟ್ಟ ಹಾಗೆ. ಬೆಳಕು ಅರ್ಧ ಹೋಯ್ತು, ಉಬ್ಬೋ ಗೆರೆ ಇಲ್ಲ, ಹೊಳಪಿಲ್ಲ. ಕೆಲವರು ಉದಾರಿಗಳು, ಮೇಲೆ ವಿಡಿಯೋ ಕ್ಯಾಸೆಟ್ಟಿನ ಗೀರು, ಬಣ್ಣ ಸೋರೋದು, ನಡುಗೋದು ಎಲ್ಲ ಸುರೀತಾರೆ. ಸ್ವಾಮಿ, ಆ ಬಣ್ಣ ಸೋರೋ ರೋಗ ಮನೆ ಟಿವಿಯ ಕೇಬಲ್ಲಿಂದ ಬಂದದ್ದು. ಆರ್ಕೇಡ್ ಬೋರ್ಡು ಕೆಂಪು, ಹಸಿರು, ನೀಲಿಯನ್ನ ಬೇರೆ ಬೇರೆ ತಂತಿಯಲ್ಲೇ ಮಾನಿಟರಿಗೆ ಕೊಡ್ತಿತ್ತು. ಬಣ್ಣ ಶುದ್ಧವಾಗೇ ಇತ್ತು.

ಪ್ಯಾಕ್‌ಮ್ಯಾನ್ ಮಾನಿಟರನ್ನ ತಿರುಗಿಸಿ, ನಿಂತ ಹಾಗೆ ಕೂರಿಸಿದ್ರು. ಅದರ ಗೆರೆಗಳು ಮೇಲಿಂದ ಕೆಳಕ್ಕೆ ಇರಬೇಕು. ಅಡ್ಡಗೆರೆ ಹಾಕಿರೋ ಪ್ಯಾಕ್‌ಮ್ಯಾನ್ ಕಂಡ್ರೆ, ಮಾಡಿದವರು ಯಂತ್ರದ ಮುಂದೆ ಒಂದು ನಿಮಿಷ ನಿಂತಿಲ್ಲ ಅಂತ ತಿಳ್ಕೊಳ್ಳಿ. 1979ರ ಆಸ್ಟರಾಯ್ಡ್ಸ್‌ಗೆ ಸ್ಕ್ಯಾನ್‌ಲೈನ್ ಹಾಕೋದಂತೂ ಶುದ್ಧ ತಮಾಷೆ. ಅಲ್ಲಿ ಸಾಲು ಸಾಲು ಗೆರೆಯೇ ಇರಲಿಲ್ಲ. ಕಿರಣ ಪೆನ್ಸಿಲ್ಲಿನ ಹಾಗೆ ನೇರವಾಗಿ ಬಂಡೆಯ ಆಕಾರವನ್ನೇ ಬಿಡಿಸ್ತಿತ್ತು, ಗುಂಡು ಹಾರಿಸಿದ್ರೆ ಕಣ್ಣು ಕುಕ್ಕೋ ಹಾಗೆ ಹೊಳೀತಿತ್ತು. 1978ರ ಸ್ಪೇಸ್ ಇನ್ವೇಡರ್ಸ್‌ನ ಕಪ್ಪು ಬಿಳುಪು ಪರದೆಗೆ ಬಣ್ಣದ ಪಾರದರ್ಶಕ ಹಾಳೆ ಅಂಟಿಸಿದ್ರು. ಹಸಿರು ಬಣ್ಣ ಗೇಮಿನೊಳಗೆ ಇಲ್ಲ, ಹಾಳೆಯಲ್ಲಿತ್ತು! ಪ್ರೋಗ್ರಾಮನ್ನ ಮಾತ್ರ ಉಳಿಸಿಕೊಂಡು ಎಲ್ಲಾ ಉಳಿಸಿದ್ವಿ ಅನ್ನೋರು ಆ ಹಾಳೆಯನ್ನ ಎಲ್ಲಿ ಹುಡುಕ್ತಾರೆ?

“ಹಾಗಾದ್ರೆ ಹಳೇ ಮಾನಿಟರೇ ಇಟ್ಕೊಳ್ಳಿ” ಅಂತೀರಾ. ಇಟ್ಕೊಂಡವರು ಇದ್ದಾರೆ, ಅವರ ಮೇಲೆ ಗೌರವ ಇದೆ. ಆದ್ರೆ ಅಂಥ ಕೊಳವೆ ಮಾಡೋ ದೊಡ್ಡ ಕಾರ್ಖಾನೆಗಳು ಮುಚ್ಚಿ ವರ್ಷಗಳಾದ್ವು, ಉಳಿದಿರೋವು ಉರಿದ ಪ್ರತಿ ಗಂಟೆಗೂ ಸ್ವಲ್ಪ ಸ್ವಲ್ಪ ಮಂಕಾಗ್ತಿವೆ. ಗಡಿಬಿಡಿ ಇರೋದು ಇದಕ್ಕೇ. ನಕಲು ಸರಿಯಾಗಿದ್ಯಾ ಅಂತ ಪಕ್ಕದಲ್ಲಿಟ್ಟು ನೋಡೋಕೆ ಅಸಲಿ ಬೇಕು. ಕೊನೆಯ ಕೊಳವೆ ಆರಿದ ಮೇಲೆ ಟೀ ಶರ್ಟಿನ ಚೌಕವೇ ಗೆದ್ದ ಹಾಗೆ.

ಸಾಧನ ಏನೂ ಕಮ್ಮಿ ಇಲ್ಲ. ನಿಮ್ಮ ಮೇಜಿನ ಮೇಲಿರೋ 4ಕೆ ಮಾನಿಟರಲ್ಲಿ ಎತ್ತರಕ್ಕೆ 2160 ಸಾಲುಗಳಿವೆ. 224 ಗೆರೆಯ ಗೇಮಿಗೆ ಗೆರೆಗೆ ಒಂಬತ್ತು ಸಾಲು ಸಿಗುತ್ತೆ. ಗೆರೆ ಉಬ್ಬೋದು, ಸಣ್ಣಗಾಗೋದು, ಫಾಸ್ಫರಿನ ಕೆಂಪು ಹಸಿರು ನೀಲಿ ಚುಕ್ಕಿಗಳು, ಎಲ್ಲಾ ಬಿಡಿಸೋಕೆ ಜಾಗ ಇದೆ. ಗೆರೆ ಮಧ್ಯದ ಕತ್ತಲು ತಿಂದ ಬೆಳಕನ್ನ ಒಳ್ಳೆ ಹೆಚ್‌ಡಿಆರ್ ಪರದೆ ತುಂಬಿಕೊಡುತ್ತೆ. ಬೇಕಾದ ಶೇಡರುಗಳನ್ನ ಹವ್ಯಾಸಿಗಳು ರಾತ್ರಿ ನಿದ್ದೆಗೆಟ್ಟು ಬರೆದು ಪುಕ್ಕಟೆ ಹಂಚ್ತಿದ್ದಾರೆ. ಚಲನೆ ಒಂದು ಇನ್ನೂ ಕಷ್ಟ. ಕೊಳವೆ ಮಿಂಚಿ ಆರ್ತಿತ್ತು, ನಮ್ಮ ಪರದೆ ಹಿಡಿದ ಚಿತ್ರ ಬಿಡೋದೇ ಇಲ್ಲ, ಅದಕ್ಕೇ ಓಡೋದೆಲ್ಲ ಮಸುಕು. 120 ಹರ್ಟ್ಸ್ ಪರದೆಯಲ್ಲಿ ನಡುನಡುವೆ ಕಪ್ಪು ಚೌಕಟ್ಟು ತೂರಿಸಿದ್ರೆ ಅದೂ ಬಹಳ ಮಟ್ಟಿಗೆ ಸರಿಹೋಗುತ್ತೆ. ಹವ್ಯಾಸಿಗಳು ಬಿಟ್ಟಿಯಾಗಿ ಮಾಡೋದನ್ನ ದುಡ್ಡು ತಗೊಳ್ಳೋ ಕಂಪನಿ ಯಾಕೆ ಮಾಡಲ್ಲ? ಯಾಕಂದ್ರೆ ನಾವು ಕೇಳಲ್ಲ, ಕಪ್ಪು ಗೆರೆ ಕಂಡ ಕೂಡಲೇ “ಆಹಾ, ರೆಟ್ರೋ” ಅಂತೀವಿ.

ಮುಂದಿನ ಸಲ ಅಂಥ ಕಟ್ಟು ಕೊಂಡಾಗ ಫಿಲ್ಟರ್ ಆನ್ ಮಾಡಿ, ಮೊದಲು ಸ್ಕೋರಿನ ಬಿಳಿ ಅಂಕಿಗಳನ್ನ ನೋಡಿ, ಆಮೇಲೆ ಯಾವುದಾದ್ರೂ ಕಡು ಬಣ್ಣದ ಮೂಲೆಯನ್ನ. ಬಿಳಿಯಲ್ಲಿ ಗೆರೆಗಳು ಹತ್ತಿರ ಹತ್ತಿರ ಕೂಡಿಕೊಂಡಿರಬೇಕು, ಕಡು ಬಣ್ಣದಲ್ಲಿ ಬಿಡಿಬಿಡಿಯಾಗಿರಬೇಕು. ಎರಡೂ ಕಡೆ ಕಪ್ಪು ಒಂದೇ ದಪ್ಪ ಇದ್ರೆ ದುಡ್ಡು ವಾಪಸ್ ಕೇಳಿ.