ಕೋಶಿಯಾರಿ ವರದಿ: ಕೊಟ್ಟದ್ದೆಷ್ಟು, ಬಿಟ್ಟದ್ದೆಷ್ಟು

2011ರ ಡಿಸೆಂಬರ್‌ನಲ್ಲಿ ರಾಜ್ಯಸಭೆಯ ಅರ್ಜಿಗಳ ಸಮಿತಿ ತನ್ನ 142ನೇ ವರದಿಯನ್ನು ಸದನದ ಮುಂದಿಟ್ಟಿತು. ಸಮಿತಿಯ ಅಧ್ಯಕ್ಷರು ಉತ್ತರಾಖಂಡದ ಸಂಸದ ಭಗತ್ ಸಿಂಗ್ ಕೋಶಿಯಾರಿ. ಆಗ ವಿರೋಧ ಪಕ್ಷದಲ್ಲಿದ್ದವರು. ಮಾಜಿ ಸೈನಿಕರು ದಶಕಗಳಿಂದ ಕೇಳುತ್ತ ಬಂದಿದ್ದ ‘ಸಮಾನ ಶ್ರೇಣಿ, ಸಮಾನ ಪಿಂಚಣಿ’ಯನ್ನು ಜಾರಿ ಮಾಡಲೇಬೇಕು ಎಂದಿತು ವರದಿ. ಸೈನಿಕರಿಗಾಗಿ ಒಬ್ಬ ಸಂಸದ ಎಷ್ಟು ದೂರ ಹೋಗಬಲ್ಲ, ಅವನ ಕೈ ಎಲ್ಲಿ ಸೋಲುತ್ತದೆ ಎಂದು ತೂಗಿ ನೋಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ.

ಬೇಡಿಕೆ ಇಷ್ಟೆ: ಇಬ್ಬರು ಹವಾಲ್ದಾರರು, ಸೇವೆಯ ವರ್ಷಗಳೂ ಸಮ. ಒಬ್ಬರು 1995ರಲ್ಲಿ, ಇನ್ನೊಬ್ಬರು 2007ರಲ್ಲಿ ನಿವೃತ್ತರಾದರೆ ಹಳಬರಿಗೆ ಪಿಂಚಣಿ ಕಡಿಮೆ ಸಿಗುತ್ತಿತ್ತು, ಅದು ಹೋಗಬೇಕು. ಎಲ್ಲ ಸರ್ಕಾರಿ ನೌಕರರ ಪಾಡೂ ಇದೇ ಅಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲ. ಕೇಂದ್ರ ಕಚೇರಿಯ ಗುಮಾಸ್ತರು 60ರವರೆಗೆ ಕೆಲಸದಲ್ಲಿರುತ್ತಾರೆ, ಅಷ್ಟರೊಳಗೆ ಬಂದ ವೇತನ ಆಯೋಗಗಳ ಹೆಚ್ಚಳವೆಲ್ಲ ಅವರ ಸಂಬಳಕ್ಕೆ ಸೇರುತ್ತದೆ. ಸಿಪಾಯಿಯನ್ನು ಸೇನೆಯೇ 35–40ರ ಆಸುಪಾಸಿನಲ್ಲಿ ಮನೆಗೆ ಕಳಿಸುತ್ತದೆ, ಪಡೆ ತರುಣವಾಗಿರಬೇಕೆಂಬ ಕಾರಣಕ್ಕೆ. ಆಗ ಮಕ್ಕಳಿನ್ನೂ ಶಾಲೆಯಲ್ಲಿರುತ್ತಾರೆ, ಮನೆ ಕಟ್ಟಿರುವುದಿಲ್ಲ. ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಂತ ಮಾಜಿ ಸೈನಿಕರನ್ನು ಕೊಡಗು, ಬೆಳಗಾವಿ ಕಡೆಯವರು ನೋಡಿಯೇ ಇರುತ್ತಾರೆ. ದೇಶದ ಅನುಕೂಲಕ್ಕಾಗಿ ದುಡಿಮೆ ಅರ್ಧಕ್ಕೇ ನಿಂತವರಿಗೆ ದೇಶವೇ ಆ ಕೊರತೆ ತುಂಬಿಕೊಡಬೇಕೆನ್ನುವುದು ನ್ಯಾಯವಾದ ಮಾತು.

ಕೋಶಿಯಾರಿ ಸಮಿತಿ ಈ ನ್ಯಾಯಕ್ಕೆ ಸದನದ ದನಿ ಕೊಟ್ಟಿತು. ಆಡಳಿತ, ಕಾನೂನು, ಹಣಕಾಸು ಎಂದು ಹಣಕಾಸು ಸಚಿವಾಲಯ ಮುಂದಿಟ್ಟ ಅಡ್ಡಿಗಳನ್ನು ಅದು ಒಪ್ಪಲಿಲ್ಲ. ವರ್ಷಕ್ಕೆ ₹1,300 ಕೋಟಿ ಬೇಕಾದೀತೆಂಬ ಅಂದಾಜು ಅದರ ಮುಂದಿತ್ತು. ಅದರಲ್ಲಿ ₹1,065 ಕೋಟಿ ಅಧಿಕಾರಿಗಳಲ್ಲದ ಯೋಧರ ಪಾಲು. ದೊಡ್ಡ ಕೆಲಸವೆಂದರೆ, ಬೇಡಿಕೆಗೆ ಸ್ಪಷ್ಟ ವ್ಯಾಖ್ಯಾನ ಸಿಕ್ಕಿತು: ಮುಂದೆ ಪಿಂಚಣಿ ಯಾವಾಗ ಏರಿದರೂ ಆ ಏರಿಕೆ ಹಳಬರಿಗೂ ತಾನಾಗಿಯೇ ಸಲ್ಲಬೇಕು. ಕರ್ನಾಟಕದಿಂದ ಆಯ್ಕೆಯಾಗಿದ್ದ ರಾಜೀವ್ ಚಂದ್ರಶೇಖರ್ ಅವರೂ ರಾಜ್ಯಸಭೆಯಲ್ಲಿ ಈ ಬೇಡಿಕೆಯನ್ನು ಬಿಡದೆ ಎತ್ತಿದವರು. 2014ರ ಫೆಬ್ರುವರಿಯ ಮಧ್ಯಂತರ ಬಜೆಟ್‌ನಲ್ಲಿ ಆಗಿನ ಹಣಕಾಸು ಸಚಿವ ಚಿದಂಬರಂ ಈ ಬೇಡಿಕೆಗೆ ತತ್ವತಃ ಒಪ್ಪಿದರು. ಜಂತರ್ ಮಂತರ್‌ನಲ್ಲಿ ಮಾಜಿ ಸೈನಿಕರು ತಿಂಗಳುಗಟ್ಟಲೆ ಧರಣಿ ಕುಳಿತ ಮೇಲೆ 2015ರ ನವೆಂಬರ್ 7ರಂದು ಮೋದಿ ಸರ್ಕಾರದ ಆದೇಶ ಬಂತು.

ಇನ್ನೊಂದು ತಟ್ಟೆಯೂ ಹಗುರವಲ್ಲ. ಜಾರಿಯಾದಾಗ ವಾರ್ಷಿಕ ವೆಚ್ಚ ₹7,123 ಕೋಟಿ ಆಯಿತು. 2022ರ ಡಿಸೆಂಬರ್‌ನ ಪರಿಷ್ಕರಣೆ ವರ್ಷಕ್ಕೆ ಇನ್ನೂ ₹8,450 ಕೋಟಿ ಸೇರಿಸಿತು. ಹಳೆಯ ಅಂದಾಜನ್ನು ಇವುಗಳ ಪಕ್ಕದಲ್ಲಿಟ್ಟು ಸಮಿತಿಯನ್ನು ಹಳಿಯುವುದು ಸರಿಯಲ್ಲ. ಆ ಲೆಕ್ಕ ಸರ್ಕಾರದ ಕಡೆಯಿಂದಲೇ ಬಂದದ್ದು, ಕಾಲವೂ ಬೇರೆ. ಆದರೆ ಹತ್ತಿಪ್ಪತ್ತು ವರ್ಷಗಳಲ್ಲಿ ಈ ಹೊರೆ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಅಷ್ಟೇ ಶ್ರದ್ಧೆಯಿಂದ ಕೆದಕಬೇಕಿತ್ತು. 2025–26ರ ರಕ್ಷಣಾ ಬಜೆಟ್ ಸುಮಾರು ₹6.81 ಲಕ್ಷ ಕೋಟಿ, ಅದರಲ್ಲಿ ಪಿಂಚಣಿಗೇ ಸುಮಾರು ₹1.60 ಲಕ್ಷ ಕೋಟಿ. ಈಗ ಗಡಿಯಲ್ಲಿರುವ ಯೋಧನ ಆಯುಧಕ್ಕೂ ಬೆಚ್ಚನೆಯ ಉಡುಪಿಗೂ ಇದೇ ಗಂಟಿನಿಂದ ಹಣ ಬರಬೇಕು. ಅದೇ ಗಡಿ ಕಾಯುವ ಬಿಎಸ್‌ಎಫ್‌ನವರಿಗೆ ಈ ಸೌಲಭ್ಯವಿಲ್ಲ. ಅವರು ಹೆಚ್ಚು ವರ್ಷ ಸೇವೆಯಲ್ಲಿರುತ್ತಾರೆ ಎಂಬ ಉತ್ತರವೊಂದೇ ಅವರ ಅಸಮಾಧಾನ ತಣಿಸುವುದಿಲ್ಲ.

ಸರ್ಕಾರದ ಆದೇಶ ಕೋಶಿಯಾರಿ ವ್ಯಾಖ್ಯಾನವನ್ನು ಪೂರ್ತಿ ಒಪ್ಪಿಕೊಳ್ಳಲಿಲ್ಲ. ಏರಿಕೆ ತಾನಾಗಿ ಸಲ್ಲುವ ಬದಲು ಐದು ವರ್ಷಕ್ಕೊಮ್ಮೆ ಪರಿಷ್ಕರಣೆ ಎಂದಿತು. ಮಾಜಿ ಸೈನಿಕರು ಸುಪ್ರೀಂ ಕೋರ್ಟಿಗೆ ಹೋದರು. 2022ರ ಮಾರ್ಚ್ 16ರ ತೀರ್ಪು ಅವರ ಪಾಲಿಗೆ ಕಹಿ: ಕೋಶಿಯಾರಿ ವರದಿ ಸದನದ ಸಮಿತಿಯೊಂದರ ವರದಿ, ಅದು ಸರ್ಕಾರದ ನೀತಿಯ ಹೇಳಿಕೆಯಲ್ಲ. ಆದರೂ 2019ರ ಜುಲೈ 1ರಿಂದ ಪಿಂಚಣಿಯನ್ನು ಮರುನಿಗದಿ ಮಾಡಿ ಬಾಕಿ ಕೊಡಿ ಎಂದು ಕೋರ್ಟ್ ಆದೇಶಿಸಿತು.

ಕಾನೂನಿನ ದೃಷ್ಟಿಯಿಂದ ತೀರ್ಪು ಸರಿ ಎಂದೇ ನನಗನ್ನಿಸುತ್ತದೆ. ಬೊಕ್ಕಸದ ಹೊಣೆ ಹೊತ್ತವರು ಸರ್ಕಾರದವರು, ಸಮಿತಿಯಲ್ಲ. ಐದು ವರ್ಷದ ಅವಧಿಯೂ ಒಪ್ಪಬಹುದಾದ ರಾಜಿ. ಒಪ್ಪಲಾಗದ್ದು ವಿಳಂಬ. 2019ರ ಜುಲೈಗೇ ಆಗಬೇಕಿದ್ದ ಮರುನಿಗದಿಗೆ ಸಂಪುಟದ ಒಪ್ಪಿಗೆ ಸಿಗಲು ಅಲ್ಲಿಂದ ಮೂರೂವರೆ ವರ್ಷ ಹಿಡಿಯಿತು. 70 ದಾಟಿದವರ ಬಾಕಿಯನ್ನು 2023ರ ಜೂನ್ ಒಳಗೆ ಕೊಡಿ ಎಂದು ಕೋರ್ಟೇ ಗಡುವು ಹಾಕಬೇಕಾಯಿತು. ಆ ವಯಸ್ಸಿನಲ್ಲಿ ಕಾಯುತ್ತ ಕಾಯುತ್ತ ತೀರಿಹೋದವರಿಗೆ ಯಾವ ಹಣಕಾಸು ತರ್ಕವೂ ಸಮಾಧಾನ ಹೇಳಲಾರದು. ಸಂಸದರು ವರದಿ ಕೊಟ್ಟು ಸುಮ್ಮನಾಗಬಾರದಿತ್ತು, ಬಾಕಿ ಕೈಸೇರುವವರೆಗೆ ಸದನದಲ್ಲಿ ವರ್ಷವರ್ಷವೂ ಲೆಕ್ಕ ಕೇಳಬೇಕಿತ್ತು.

ಅಧಿಕಾರಿ ಮತ್ತು ಸಿಪಾಯಿಯನ್ನು ಒಂದೇ ಅಳತೆಯಲ್ಲಿ ನೋಡಿದ್ದರ ಬಗ್ಗೆಯೂ ನನಗೆ ತಕರಾರಿದೆ. ಕರ್ನಲ್ ಒಬ್ಬರು 54ರವರೆಗೆ ಸೇವೆಯಲ್ಲಿರುತ್ತಾರೆ. ಬೇಗ ಮನೆಗೆ ಕಳಿಸಿದರೆಂಬ ವಾದಕ್ಕೆ ಸಿಪಾಯಿಯ ವಿಷಯದಲ್ಲಿರುವ ಬಲ ಅಲ್ಲಿಲ್ಲ. ಹಣ ಸಾಲದೆ ಹೋದರೆ ಮೊದಲು ಸಿಪಾಯಿಗೆ, ಹವಾಲ್ದಾರರಿಗೆ, ಅವರ ವಿಧವೆಯರಿಗೆ ಸಲ್ಲಬೇಕು ಎಂದು ಸಮಿತಿ ಬರೆದಿದ್ದರೆ ಅದರ ಕೈ ಇನ್ನಷ್ಟು ಗಟ್ಟಿಯಾಗುತ್ತಿತ್ತು.

ಪ್ರಶ್ನೆ ಇಲ್ಲಿಗೆ ಮುಗಿದಿಲ್ಲ. 2022ರ ಜೂನ್‌ನಲ್ಲಿ ಘೋಷಣೆಯಾದ ಸೇನಾ ನೇಮಕಾತಿಯ ಅಗ್ನಿಪಥ ಯೋಜನೆಯಲ್ಲಿ ನಾಲ್ಕು ವರ್ಷಕ್ಕೆ ಹೊರಬರುವವರಿಗೆ ಪಿಂಚಣಿಯೇ ಇಲ್ಲ, ಸುಮಾರು ₹11.71 ಲಕ್ಷದ ಸೇವಾ ನಿಧಿ ಮಾತ್ರ. ಉಳಿಸಿಕೊಳ್ಳುವುದು ಗರಿಷ್ಠ ನಾಲ್ಕರಲ್ಲೊಂದು ಪಾಲು. ಹೊರಬಂದವರ ಅರ್ಜಿಯೂ ಒಂದು ದಿನ ಅದೇ ಸಮಿತಿಯ ಮುಂದೆ ಬಂದೀತು. ಆಗಿನ ಅಧ್ಯಕ್ಷರಿಗೆ ಕೋಶಿಯಾರಿಯವರ ದಿಟ್ಟತನ ಇರಲಿ, ಜೊತೆಗೆ ಮುಂದಿನ ಇಪ್ಪತ್ತು ವರ್ಷದ ಖರ್ಚಿನ ಲೆಕ್ಕವೂ ವರದಿಯಲ್ಲಿರಲಿ.